ಹಳೇ ಹೀರೋನ ವಾಪಸ್ ಕರ್ಸ್ಬೇಕಾ? ಲೆಕ್ಕ ಬರ್ಯೋನು ಹೇಳೋದು ಕೇಳಿ

ಎರಡು ವಾರದಿಂದ ನಮ್ಮ ಫುಟ್ಬಾಲ್ ವಾಟ್ಸಾಪ್ ಗ್ರೂಪಲ್ಲಿ ಒಂದೇ ಜಗಳ. ನಾಲ್ಕು ವರ್ಷದ ಹಿಂದೆ ಕೆಲ್ಸ ಸಿಕ್ತು ಅಂತ ಬೆಂಗಳೂರಿಗೆ ಹೋದ ನಮ್ಮ ಸ್ಟ್ರೈಕರ್, ಹೆಸರು ಬೇಡ ಬಿಡಿ, ಜರ್ಸಿ ನಂಬರ್ 9 ಆಗಿದ್ರಿಂದ ಎಲ್ಲರೂ ‘ಒಂಬತ್ತು’ ಅಂತಾನೇ ಕರ್ಯೋದು, ಅವ್ನು ಈಗ ಹಾಸನಕ್ಕೇ ಟ್ರಾನ್ಸ್‌ಫರ್ ಮಾಡಿಸ್ಕೊಂಡು ಬಂದವ್ನೆ. ಮುಂದಿನ ಭಾನುವಾರ ಸೆವೆನ್ಸ್ ಟೂರ್ನಮೆಂಟ್ ಇದೆ, ಅಂದ್ರೆ ಒಂದು ಕಡೆಗೆ ಏಳೇ ಜನ. ಹತ್ತು ಜನರ ಹೆಸರು ಮಾತ್ರ ಬರೆಸ್ಬೋದು. ಅರ್ಧ ಗ್ರೂಪು ‘ಒಂಬತ್ತು ಬಂದ್ರೆ ಕಪ್ಪು ನಮ್ದೇ ಮಗಾ’ ಅಂತ ಬೆಂಕಿ ಇಮೋಜಿ ಹಾಕ್ತಿದೆ, ಇನ್ನರ್ಧ ‘ಹೊಟ್ಟೆ ನೋಡಿದ್ಯಾ ಅವಂದು’ ಅಂತಿದೆ. ನಾನು ಆಟದಲ್ಲಿ ಅಷ್ಟಕ್ಕಷ್ಟೇ, ಆದ್ರೆ ಟೀಮಿನ ದುಡ್ಡಿನ ಪುಸ್ತಕ ನನ್ ಹತ್ರ ಇರೋದು, ಬಿ.ಎಂ. ರೋಡಲ್ಲಿ ಒಂದು ಆಫೀಸಲ್ಲಿ ಜನರ ಲೆಕ್ಕ ಬರ್ಯೋದೇ ನನ್ನ ಕೆಲ್ಸ, ಅದಕ್ಕೆ ಎಲ್ಲಾ ಜಗಳನೂ ಕೊನೆಗೆ ನನ್ ತಲೆ ಮೇಲೇ ಬರುತ್ತೆ.

ಇದೇ ಜಗಳ ದೊಡ್ಡ ದೊಡ್ಡ ಕ್ಲಬ್‌ಗಳಲ್ಲೂ ಪ್ರತಿ ಟ್ರಾನ್ಸ್‌ಫರ್ ಸೀಸನ್ನಲ್ಲಿ, ಅಂದ್ರೆ ಆಟಗಾರರನ್ನ ಕೊಂಡು ಮಾರೋ ಹೊತ್ತಲ್ಲಿ, ನಡ್ಯುತ್ತೆ, ಅಲ್ಲಿ ಮುನ್ನೂರು ರೂಪಾಯಿ ಬದ್ಲು ಮುನ್ನೂರು ಕೋಟಿ ಇರುತ್ತೆ ಅಷ್ಟೇ. ಹಳೇ ಆಟಗಾರ, ಜನ ಹುಚ್ಚೆದ್ದು ಪ್ರೀತಿಸ್ತಿದ್ದೋನು, ಈಗ ಬೇರೆ ಕ್ಲಬ್ಬಲ್ಲಿ ಖುಷಿಯಾಗಿಲ್ಲ, ವಾಪಸ್ ಬರ್ತೀನಿ ಅಂತಾನೆ. ತಗೋಬೇಕಾ? ಹೊರಗಿಂದ ನೋಡಿದ್ರೆ ಹೂಂ ಅಥವಾ ಊಹೂಂ ಅನ್ನೋ ಪ್ರಶ್ನೆ ಥರ ಕಾಣುತ್ತೆ. ಒಳಗೆ ಹೋದ್ರೆ ಬೇರೇನೇ ಇದೆ.

ಮೊದ್ಲು ದುಡ್ಡು ಮುಗಿಸ್ಬಿಡೋಣ, ನಂಗೆ ಗೊತ್ತಿರೋದು ಅದೇ. ಕ್ಲಬ್ ಒಬ್ಬ ಆಟಗಾರನ್ನ 100 ಕೋಟಿಗೆ ಕೊಂಡ್ರೆ ಆ ವರ್ಷದ ಖರ್ಚಲ್ಲಿ 100 ಕೋಟಿ ಬರ್ಯಲ್ಲ. ನಮ್ಮೂರ ಕಡೆ ಪವರ್ ಟಿಲ್ಲರ್ ತಗೊಂಡ್ರೆ ಹೇಗೆ ವರ್ಷ ವರ್ಷ ಅದರ ಸವಕಳಿ ಬರ್ಕೋತೀವೋ ಹಂಗೇ, ಕಾಂಟ್ರಾಕ್ಟ್ ಎಷ್ಟು ವರ್ಷನೋ ಅಷ್ಟು ಭಾಗ ಮಾಡ್ತಾರೆ. ಐದು ವರ್ಷದ ಕಾಂಟ್ರಾಕ್ಟ್ ಅಂದ್ರೆ ವರ್ಷಕ್ಕೆ 20 ಕೋಟಿ, ಅದರ ಮೇಲೆ ಸಂಬಳ ಬೇರೆ. ಮೂರು ವರ್ಷ ಆದ್ಮೇಲೆ ಪುಸ್ತಕದಲ್ಲಿ ಅವನ ಬೆಲೆ ಇನ್ನೂ 40 ಕೋಟಿ ಇರುತ್ತೆ, ಆಗ ಯಾರೋ 25 ಕೊಡ್ತೀನಿ ಅಂದ್ರೆ 15 ಕೋಟಿ ನಷ್ಟ ಅಂತ ಬರೀಬೇಕು. ಇಷ್ಟು ಅರ್ಥ ಆದ್ರೆ ಮುಕ್ಕಾಲು ಪಾಲು ಟ್ರಾನ್ಸ್‌ಫರ್ ಸುದ್ದಿ ಅರ್ಥ ಆದಂಗೆ.

ಈಗ ಬೆಲ್ಜಿಯಂ ಸ್ಟ್ರೈಕರ್ ಲುಕಾಕು ಕಥೆ ಕೇಳಿ. ಲಂಡನ್ನಿನ ಕ್ಲಬ್ ಚೆಲ್ಸಿ ಅವನ್ನ 2011 ರಲ್ಲಿ ಹುಡುಗನಾಗಿದ್ದಾಗ್ಲೇ ತಂತು, ಸರಿಯಾಗಿ ಆಡಿಸ್ಲೇ ಇಲ್ಲ, 2014 ರಲ್ಲಿ ಎವರ್ಟನ್‌ಗೆ 28 ಮಿಲಿಯನ್ ಪೌಂಡಿಗೆ ಮಾರ್ತು. ಅವ್ನು ಅಲ್ಲಿ ಇಲ್ಲಿ ಗೋಲ್ ಹೊಡ್ದು ಹೊಡ್ದು ಇಂಟರ್ ಮಿಲಾನಲ್ಲಿ ರಾಜ ಆದ್ಮೇಲೆ, 2021 ರಲ್ಲಿ ಅದೇ ಚೆಲ್ಸಿ ಅದೇ ಮನುಷ್ಯನ್ನ 97.5 ಮಿಲಿಯನ್ ಪೌಂಡ್ ಕೊಟ್ಟು ವಾಪಸ್ ತಂತು. ಆಗಿನ ರೇಟಲ್ಲಿ ಹೆಚ್ಚುಕಮ್ಮಿ ಸಾವಿರ ಕೋಟಿ ರೂಪಾಯಿ. ಐದು ವರ್ಷಕ್ಕೆ ಭಾಗ ಮಾಡಿದ್ರೆ ವರ್ಷಕ್ಕೆ 19.5 ಮಿಲಿಯನ್. ಬಂದು ನಾಲ್ಕೇ ತಿಂಗಳಿಗೆ, ಡಿಸೆಂಬರಲ್ಲಿ, ಒಂದು ಇಂಟರ್ವ್ಯೂ ಹೊರಗೆ ಬಂತು, ಇಲ್ಲಿ ನಂಗೆ ಖುಷಿಯಿಲ್ಲ, ಇಂಟರ್‌ಗೆ ವಾಪಸ್ ಹೋಗೋ ಆಸೆ ಇದೆ ಅಂತ. ಲೀಗಲ್ಲಿ 8 ಗೋಲು. ಮುಂದಿನ ವರ್ಷ ಅದೇ ಇಂಟರ್‌ಗೆ ಲೋನ್ (ಮಾರದೆ ಸ್ವಲ್ಪ ದಿನಕ್ಕೆ ಎರವಲು ಕೊಡೋದು), ಅದಾದ್ಮೇಲೆ ರೋಮಾಗೆ ಲೋನ್, 2024 ರಲ್ಲಿ ನಾಪೋಲಿಗೆ ಸುಮಾರು 30 ಮಿಲಿಯನ್ ಯೂರೋಗೆ ಮಾರಾಟ. ಮೇಲೆ ಹೇಳಿದ ಟಿಲ್ಲರ್ ಲೆಕ್ಕ ಇಲ್ಲಿ ಹಾಕಿ ನೋಡಿ, ಮೂರು ವರ್ಷ ಆದ್ಮೇಲೆ ಪುಸ್ತಕದಲ್ಲಿ 39 ಮಿಲಿಯನ್ ಪೌಂಡ್ ಉಳ್ದಿತ್ತು, ಬಂದಿದ್ದು ಅದಕ್ಕಿಂತ ಕಮ್ಮಿ.

ಫ್ರಾನ್ಸಿನ ಮಿಡ್‌ಫೀಲ್ಡರ್ ಪೋಗ್ಬಾದು ಇನ್ನೂ ಒಂದು ಕೈ ಮೇಲೆ. 2012 ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಬಿಟ್ಟು ಯುವೆಂಟಸ್‌ಗೆ ಹೋದ, ಬಹುತೇಕ ಪುಕ್ಕಟೆ. 2016 ರಲ್ಲಿ ಯುನೈಟೆಡ್ ಅವನ್ನ ಕೊಂಡ್ಕೊಂಡಿದ್ದು 89 ಮಿಲಿಯನ್ ಪೌಂಡಿಗೆ, ಆಗ ಅದೇ ಜಗತ್ತಿನ ದಾಖಲೆ. 2022 ರಲ್ಲಿ ಕಾಂಟ್ರಾಕ್ಟ್ ಮುಗೀತು, ಮತ್ತೆ ಪುಕ್ಕಟೆಯಾಗಿ ಮತ್ತೆ ಯುವೆಂಟಸ್‌ಗೇ ಹೋದ. ಬಿಟ್ಟಿದ್ದು ಎರಡು ಸಲ, ಎರಡು ಸಲನೂ ಕೈಗೆ ಹೆಚ್ಚೇನೂ ಇಲ್ಲ, ಕೊಂಡಿದ್ದು ಮಾತ್ರ ದಾಖಲೆ ಬೆಲೆಗೆ. ಸಂತೇಲಿ ಹಸು ಮಾರಿ ಮತ್ತೆ ಅದೇ ಹಸುನ ಹತ್ತರಷ್ಟು ಕೊಟ್ಟು ಹೊಡ್ಕೊಂಡು ಬಂದ್ರೆ ಮನೇಲಿ ಒಳಗೆ ಸೇರಿಸ್ತಾರಾ ಹೇಳಿ.

ಇಲ್ಲಿ ಗ್ರೂಪಲ್ಲಿ ಒಬ್ಬ ತಕ್ಷಣ ಹೇಳ್ದ, ‘ಅಣ್ಣ ಜರ್ಸಿ ಮಾರಿದ್ರೆ ಆ ದುಡ್ಡು ವಾಪಸ್ ಬರಲ್ವಾ?’ ಬರಲ್ಲ ಮಾರಾಯ. ಇದು ಎಲ್ಲರೂ ನಂಬಿರೋ ದೊಡ್ಡ ಸುಳ್ಳು. ಜರ್ಸಿ ಹೊಲ್ಸೋದು, ಮಾರೋದು ಕಿಟ್ ಕಂಪ್ನಿ, ಕ್ಲಬ್ಬಿಗೆ ವರ್ಷಕ್ಕೆ ಇಂತಿಷ್ಟು ಅಂತ ಮೊದ್ಲೇ ಒಪ್ಪಂದ ಆಗಿರುತ್ತೆ. ಯುನೈಟೆಡ್‌ಗೆ ಅಡಿಡಾಸ್ 2015 ರಿಂದ ಹತ್ತು ವರ್ಷಕ್ಕೆ 750 ಮಿಲಿಯನ್ ಪೌಂಡ್ ಅಂತ ಒಪ್ಪಿತ್ತು. ಒಂದೊಂದು ಜರ್ಸಿ ಮೇಲೆ ಕ್ಲಬ್ಬಿಗೆ ಸಿಗೋದು ಚಿಲ್ಲರೆ ಪಾಲು. ಹಳೇ ಹೀರೋ ಬಂದ ಅಂತ ಸ್ಪಾನ್ಸರ್ ಜಾಸ್ತಿ ಕೊಡ್ಬೋದು, ಇನ್ಸ್ಟಾಗ್ರಾಂ ಫಾಲೋವರ್ಸ್ ಜಾಸ್ತಿ ಆಗ್ಬೋದು, ಅದೆಲ್ಲ ಸರಿ, ಆದ್ರೆ ಜರ್ಸಿ ಮಾರಿ ಟ್ರಾನ್ಸ್‌ಫರ್ ಫೀಸ್ ಎತ್ತೋದು ಆಗದ ಮಾತು.

ವಾಪಸ್ ಕೊಂಡು ಲಾಭ ಮಾಡ್ಕೊಂಡೋರೂ ಇದ್ದಾರೆ, ಅದು ರಿಯಲ್ ಮ್ಯಾಡ್ರಿಡ್. ಅವ್ರು ಮಾಡೋದು ಏನಂದ್ರೆ ಹುಡುಗನ್ನ ಮಾರ್ವಾಗ್ಲೇ ಅಗ್ರಿಮೆಂಟಲ್ಲಿ ಒಂದು ಸಾಲು ಸೇರಿಸ್ಬಿಡ್ತಾರೆ, ಇಷ್ಟು ವರ್ಷದೊಳಗೆ ಇಷ್ಟು ದುಡ್ಡಿಗೆ ನಾವೇ ವಾಪಸ್ ತಗೋಬೋದು ಅಂತ. ಇದನ್ನ ಬೈ-ಬ್ಯಾಕ್ ಅಂತಾರೆ. ಕಾರ್ವಹಾಲ್‌ನ 2012 ರಲ್ಲಿ ಲೆವರ್ಕುಸೆನ್‌ಗೆ 5 ಮಿಲಿಯನ್ ಯೂರೋಗೆ ಮಾರಿ, ಒಂದೇ ವರ್ಷಕ್ಕೆ 6.5 ಮಿಲಿಯನ್ ಕೊಟ್ಟು ವಾಪಸ್ ತಂದ್ರು, ಆಮೇಲೆ ಅವ್ನು ಆರು ಚಾಂಪಿಯನ್ಸ್ ಲೀಗ್ (ಯುರೋಪಿನ ಕ್ಲಬ್‌ಗಳ ದೊಡ್ಡ ಕಪ್) ಗೆದ್ದ. ಮೊರಾಟಾನ 20 ಮಿಲಿಯನ್‌ಗೆ ಯುವೆಂಟಸ್‌ಗೆ ಕೊಟ್ಟು, 30 ಕ್ಕೆ ವಾಪಸ್ ತಂದು, ಒಂದು ವರ್ಷ ಆಡಿಸಿ, 2017 ರಲ್ಲಿ ಅದರ ಎರಡರಷ್ಟು ದುಡ್ಡಿಗೆ ಚೆಲ್ಸಿಗೆ ದಾಟಿಸಿದ್ರು. ಇಲ್ಲಿ ನೋಡ್ಬೇಕಾದ್ದು, ಬೆಲೆ ಫಿಕ್ಸ್ ಆಗಿದ್ದು ಜನಕ್ಕೆ ನೆನಪು ಕಾಡೋದಕ್ಕೆ ಮುಂಚೆ. ಚೆಲ್ಸಿ ಲುಕಾಕು ವಿಷ್ಯದಲ್ಲಿ ಬೆಲೆ ಫಿಕ್ಸ್ ಮಾಡಿದ್ದು ಎಲ್ಲರೂ ಕಿರುಚಾಡೋಕೆ ಶುರು ಮಾಡಿದ್ಮೇಲೆ.

ಇನ್ನೊಂದು ಸಣ್ಣ ವಿಷ್ಯ ಬೇಗ ಹೇಳ್ಬಿಡ್ತೀನಿ, ಜನ ಇದನ್ನ ಗಮನಿಸಲ್ಲ. ಯುರೋಪಿನ ಟೂರ್ನಿಗಳಲ್ಲಿ 25 ಜನರ ಪಟ್ಟೀಲಿ 8 ಜಾಗ ಸ್ಥಳೀಯವಾಗಿ ಬೆಳೆದೋರಿಗೆ ಮೀಸಲು, ಅದ್ರಲ್ಲೂ 4 ಜಾಗ ಅದೇ ಕ್ಲಬ್ಬಲ್ಲಿ ಬೆಳೆದೋರಿಗೆ. ಅಂಥೋರು ಸಿಗ್ಲಿಲ್ಲ ಅಂದ್ರೆ ಜಾಗ ಖಾಲಿ ಬಿಡ್ಬೇಕು. ಹಂಗಾಗಿ ಹಳೇ ಅಕಾಡೆಮಿ ಹುಡುಗ ವಾಪಸ್ ಬಂದ್ರೆ ಆಟದ ಜೊತೆಗೆ ಒಂದು ಜಾಗನೂ ತುಂಬ್ತಾನೆ. ಬೆಂಚಲ್ಲಿ ಮೂರನೇ ಗೋಲ್‌ಕೀಪರ್ ಆಗಿ 35 ವರ್ಷದ ಹಳಬ ಯಾಕೆ ಕೂತಿರ್ತಾನೆ ಅಂತ ಎಷ್ಟೋ ಸಲ ಅನ್ಕೊಂಡಿರ್ತೀರ, ಕಾರಣ ಬಹಳಷ್ಟು ಸಲ ಇದೇ.

ಸರಿ, ದುಡ್ಡು ಆಯ್ತು. ಆದ್ರೆ ನಿಜವಾದ ಗಂಟು ಇರೋದು ಮೈದಾನದಲ್ಲಿ, ಅದಕ್ಕೆ ರೊನಾಲ್ಡೋ ವಿಷ್ಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇದ್ರಲ್ಲಿ ಎರಡೂ ಕಡೆಯವ್ರು ಸರಿ.

2021 ಆಗಸ್ಟಲ್ಲಿ ರೊನಾಲ್ಡೋ ಯುನೈಟೆಡ್‌ಗೆ ವಾಪಸ್ ಅಂತ ಸುದ್ದಿ ಬಂದ ದಿನ ನಮ್ಮ ಗ್ರೂಪಲ್ಲಿ ಒಬ್ಬ ಕೆ.ಆರ್. ಪುರಂ ಪೂರ್ತಿ ಜನಕ್ಕೆ ಟೀ ಕುಡಿಸೋ ಥರ ಆಡ್ತಿದ್ದ. ಫೀಸು 15 ಮಿಲಿಯನ್ ಯೂರೋ, ಮೇಲೆ ಷರತ್ತಿನ 8 ಮಿಲಿಯನ್, ಆ ಲೆಕ್ಕಕ್ಕೆ ಅಗ್ಗವೇ. ಸೆಪ್ಟೆಂಬರ್ 11 ಕ್ಕೆ ನ್ಯೂಕ್ಯಾಸಲ್ ಮೇಲೆ ಮೊದಲ ಮ್ಯಾಚ್, ಎರಡು ಗೋಲ್, 4-1 ಗೆಲುವು. ಆ ರಾತ್ರಿ ಯಾರಾದ್ರೂ ‘ಬೇಡ’ ಅಂದಿದ್ರೆ ಹೊಡೀತಿದ್ರು. ಸೀಸನ್ ಮುಗಿದಾಗ ಅವನ ಲೀಗ್ ಗೋಲು 18, ಸಲಾ ಮತ್ತೆ ಸನ್ ಇಬ್ರು ಬಿಟ್ರೆ ಅವನೇ. 37 ವರ್ಷದ ಮನುಷ್ಯ ಇನ್ನೇನು ಮಾಡ್ಬೇಕು?

ಈಗ ಇನ್ನೊಂದು ಲೆಕ್ಕ ನೋಡಿ. ಅವ್ನು ಬರೋಕೆ ಮುಂಚಿನ ಸೀಸನ್ನಲ್ಲಿ ಯುನೈಟೆಡ್ ಎರಡನೇ ಸ್ಥಾನ, 74 ಪಾಯಿಂಟು, ಒಟ್ಟು 73 ಗೋಲು. ಅವ್ನು ಬಂದ ಸೀಸನ್ನಲ್ಲಿ ಆರನೇ ಸ್ಥಾನ, 58 ಪಾಯಿಂಟು, 57 ಗೋಲು, ಬಿಟ್ಟುಕೊಟ್ಟಿದ್ದೂ 57. 18 ಗೋಲು ಹೊಡ್ಯೋನು ಬಂದ್ಮೇಲೆ ಟೀಮಿನ ಒಟ್ಟು ಗೋಲು 16 ಕಮ್ಮಿ ಆಯ್ತು! ಇದು ಪೂರ್ತಿ ಅವನ ತಪ್ಪು ಅಂತ ನಾನು ಹೇಳ್ತಿಲ್ಲ, ನವೆಂಬರಲ್ಲಿ ಮ್ಯಾನೇಜರನ್ನೇ ತೆಗೆದ್ರು, ಡಿಫೆನ್ಸು ಜರಡಿ ಆಗಿತ್ತು, ಅದಕ್ಕೆ ಅವ್ನೇನು ಮಾಡ್ತಾನೆ. ಆದ್ರೆ ಒಬ್ಬ ದೊಡ್ಡೋನು ಬಂದು ಮಧ್ಯದಲ್ಲಿ ನಿಂತಾಗ ಉಳಿದೋರ ಓಟ ಬದಲಾಗುತ್ತೆ. ಮುಂಚೆ ಮೂರು ಜನ ಎದುರಾಳಿ ಡಿಫೆಂಡರ್‌ಗಳ ಮೇಲೆ ಮುಗಿಬಿದ್ದು ಬಾಲ್ ಕಿತ್ಕೊಳ್ತಿದ್ರು, ಈಗ ಎರಡೇ ಜನ ಓಡ್ಬೇಕು. ಮುಂಚೆ ಬಾಲ್ ಸಿಕ್ಕಿದ ತಕ್ಷಣ ಖಾಲಿ ಜಾಗಕ್ಕೆ ತಳ್ಳುತ್ತಿದ್ರು, ಈಗ ಅವನನ್ನ ಹುಡ್ಕಿ ಅವನ ಕಾಲಿಗೆ ಕೊಡ್ಬೇಕು. ಹಿಂದಿನ ವರ್ಷ ಲೀಗಲ್ಲಿ 10 ಗೋಲು ಹೊಡೆದಿದ್ದ ಕವಾನಿ 2 ಕ್ಕೆ ಇಳಿದ, ಗಾಯನೂ ಇತ್ತು, ಜಾಗನೂ ಇರ್ಲಿಲ್ಲ. ಅವನ 7 ನಂಬರ್ ಜರ್ಸಿ ಬಿಟ್ಟುಕೊಟ್ಟು 21 ಹಾಕ್ಕೊಂಡ. ಕೊನೆಗೆ 2022 ನವೆಂಬರಲ್ಲಿ ರೊನಾಲ್ಡೋ ಒಂದು ಟೀವಿ ಇಂಟರ್ವ್ಯೂ ಕೊಟ್ಟು ಕ್ಲಬ್ಬನ್ನೇ ತರಾಟೆಗೆ ತಗೊಂಡ, ಇಬ್ರೂ ಒಪ್ಪಿ ಕಾಂಟ್ರಾಕ್ಟ್ ಹರಿದ್ರು. 2009 ರಲ್ಲಿ 80 ಮಿಲಿಯನ್ ಪೌಂಡ್ ತಂದ್ಕೊಟ್ಟು ಕಣ್ಣೀರಲ್ಲಿ ಕಳಿಸ್ಕೊಟ್ಟ ಹುಡುಗನ ಕಥೆ ಮುಗಿದಿದ್ದು ಹೀಗೆ.

ಇದರ ಪಕ್ಕ ಆರ್ಸೆನಲ್‌ನ ಹಳೇ ಸ್ಟ್ರೈಕರ್ ಥಿಯರಿ ಆನ್ರಿನ ಇಟ್ಟು ನೋಡಿ. ಆರ್ಸೆನಲ್ ಸ್ಟೇಡಿಯಂ ಹೊರಗೆ ಅವನ ಪ್ರತಿಮೆ ನಿಲ್ಸಿದ್ದು 2011 ಡಿಸೆಂಬರಲ್ಲಿ. ಜನವರೀಲಿ ಪ್ರತಿಮೆಯವ್ನೇ ಎದ್ದು ಬಂದಂಗೆ ನ್ಯೂಯಾರ್ಕಿಂದ ಎರಡು ತಿಂಗಳ ಲೋನ್ ಮೇಲೆ ಬಂದ. ಯಾಕೆ ಎರಡೇ ತಿಂಗಳು ಅಂದ್ರೆ ಆರ್ಸೆನಲ್‌ನ ಫಾರ್ವರ್ಡ್‌ಗಳು ಜೆರ್ವಿನ್ಯೋ ಮತ್ತೆ ಶಮಾಖ್ ಇಬ್ರೂ ಆಫ್ರಿಕಾ ಕಪ್ ಆಡೋಕೆ ಹೋಗ್ತಿದ್ರು, ಅವ್ರು ಬರೋವರ್ಗೂ ಒಬ್ಬ ಬೇಕಿತ್ತು, ಅಮೆರಿಕದಲ್ಲಿ ಆಗ ಸೀಸನ್ ಇರ್ಲಿಲ್ಲ. ಮದ್ವೆ ಮನೆಗೆ ಪಕ್ಕದ ಮನೆ ಕೊಪ್ಪರಿಗೆ ಎರವಲು ತಂದಂಗೆ, ಕೆಲ್ಸ ಮುಗೀತು, ತೊಳ್ದು ವಾಪಸ್ ಕೊಟ್ರು. ಜನವರಿ 9 ಕ್ಕೆ ಲೀಡ್ಸ್ ಮೇಲೆ ಸಬ್‌ಸ್ಟಿಟ್ಯೂಟ್ ಆಗಿ ಇಳಿದು ಹತ್ತೇ ನಿಮಿಷಕ್ಕೆ ಗೋಲ್ ಹೊಡ್ದ, ಅದೇ ಹಳೇ ಗೋಲು, ಎಡಗಡೆಯಿಂದ ಒಳಗೆ ಬಂದು ದೂರದ ಕಂಬದ ಕಡೆ ಬಲಗಾಲಲ್ಲಿ ಸುಮ್ನೆ ತಿರುಗಿಸಿದ್ದು. ಆ ಕ್ಲಿಪ್ ಈಗ್ಲೂ ತಿಂಗಳಿಗೊಂದ್ಸಲ ಯಾರಾದ್ರೂ ಕಳಿಸ್ತಾರೆ. ಅವ್ನು ಹಾಕಿದ್ದು 12 ನಂಬರ್, ಅವನ ಹಳೇ 14 ವಾಲ್ಕಾಟ್ ಹತ್ರ ಇತ್ತು, ಅದನ್ನ ಕೇಳ್ಲಿಲ್ಲ.

ನಂಗೆ ಈ ನಂಬರ್ ವಿಷ್ಯ ಬಹಳ ಇಷ್ಟ. ಯಾರಿಗೆ ಯಾರು ನಂಬರ್ ಬಿಟ್ಟುಕೊಟ್ರು ಅನ್ನೋದ್ರಲ್ಲಿ ಅವ್ನು ಯಾವ ಪಾತ್ರಕ್ಕೆ ಬಂದ ಅಂತ ಒಂದು ಸುಳಿವು ಇರುತ್ತೆ. ನಿಯಮ ಏನಲ್ಲ, ದ್ರೋಗ್ಬಾ ಚೆಲ್ಸಿಗೆ ವಾಪಸ್ ಬಂದಾಗ ಆಸ್ಕರ್ ತನ್ನ 11 ನಂಬರ್ ಕೊಟ್ಟ, ಆದ್ರೂ ಅದು ಚೆನ್ನಾಗೇ ನಡೀತು. ದ್ರೋಗ್ಬಾ ಅಂದ್ರೆ 2012 ರ ಚಾಂಪಿಯನ್ಸ್ ಲೀಗ್ ಫೈನಲಲ್ಲಿ, ಮ್ಯೂನಿಕ್ಕಲ್ಲಿ, 88 ನೇ ನಿಮಿಷಕ್ಕೆ ಹೆಡರ್ ಹೊಡ್ದು ಸಮ ಮಾಡಿ, ಕೊನೇ ಪೆನಾಲ್ಟಿನೂ ಅವ್ನೇ ಹಾಕಿ ಕಪ್ ಗೆಲ್ಸಿ ಹೋದೋನು. 2014 ರಲ್ಲಿ 36 ನೇ ವಯಸ್ಸಲ್ಲಿ ವಾಪಸ್ ಬಂದಾಗ ಕಾಂಟ್ರಾಕ್ಟು ಒಂದೇ ವರ್ಷ, ಮೇನ್ ಸ್ಟ್ರೈಕರ್ ಡಿಯಾಗೋ ಕೋಸ್ಟಾ, 20 ಲೀಗ್ ಗೋಲು ಅವಂದು, ದ್ರೋಗ್ಬಾದು ನಾಲ್ಕು. ಬರೀ ಅಂಕಿ ನೋಡಿದ್ರೆ ರೊನಾಲ್ಡೋ 18, ದ್ರೋಗ್ಬಾ 4. ಆದ್ರೆ ಚೆಲ್ಸಿ ಲೀಗ್ ಗೆದ್ತು, ಲೀಗ್ ಕಪ್ಪೂ ಗೆದ್ತು, ಕೊನೇ ಮ್ಯಾಚಲ್ಲಿ ಟೀಮಿನ ಹುಡುಗ್ರೇ ಅವನ್ನ ಹೆಗಲ ಮೇಲೆ ಎತ್ಕೊಂಡು ಹೊರಗೆ ತಂದ್ರು. ಅವನಿಗೆ ಕೊಟ್ಟ ಕೆಲ್ಸ ಏನು ಅಂತ ಅವನಿಗೂ ಗೊತ್ತಿತ್ತು, ಕೋಸ್ಟಾಗೂ ಗೊತ್ತಿತ್ತು.

ಹಂಗಾಗಿ ‘ಕರ್ಸ್ಬೇಕಾ ಬೇಡ್ವಾ’ ಅನ್ನೋದೇ ತಪ್ಪು ಪ್ರಶ್ನೆ ಅಂತ ನನ್ನ ಲೆಕ್ಕ. ಕೇಳ್ಬೇಕಾದ್ದು ಯಾವ ಕೆಲ್ಸಕ್ಕೆ, ಎಷ್ಟು ದಿನಕ್ಕೆ, ಯಾರ ನಿಮಿಷ ತಿಂತಾನೆ. ಕೊನೇದನ್ನ ಯಾರೂ ಕೇಳಲ್ಲ. ಮ್ಯಾಚು 90 ನಿಮಿಷನೇ, ಮೈದಾನಕ್ಕೆ 11 ಜನನೇ, ಯಾರೋ ಒಬ್ಬ ಬಂದ್ರೆ ಇನ್ಯಾರೋ ಒಬ್ಬ ಕೂರ್ಬೇಕು.

ಮೈದಾನದಲ್ಲಿ ಯಾವ ಜಾಗದಲ್ಲಿ ಆಡ್ತಾನೆ ಅನ್ನೋದ್ರ ಮೇಲೂ ಹೋಗುತ್ತೆ ಇದು. ಸ್ಟ್ರೈಕರು, ವಿಂಗರು ಇವ್ರೆಲ್ಲ ಕಾಲಿನ ಮೇಲೆ ಬದ್ಕೋರು, ಮೊದಲ ಎರಡು ಹೆಜ್ಜೆ ನಿಧಾನ ಆಯ್ತು ಅಂದ್ರೆ ಮುಗೀತು. ಶೆವ್ಚೆಂಕೊನ ನೋಡಿ, ಎಸಿ ಮಿಲಾನಲ್ಲಿ ದೇವ್ರು ಥರ ಇದ್ದೋನು, 2006 ರಲ್ಲಿ ಚೆಲ್ಸಿಗೆ ಹೋಗಿ ಸೋತು, 2008 ರಲ್ಲಿ ಲೋನಲ್ಲಿ ಮಿಲಾನ್‌ಗೇ ಬಂದ, ಇಡೀ ಸೀಸನ್ ಲೀಗಲ್ಲಿ ಒಂದು ಗೋಲೂ ಇಲ್ಲ. ಡಿಫೆಂಡರ್‌ಗಳು ಹಂಗಲ್ಲ, ಅವ್ರ ಆಟ ಬಹಳಷ್ಟು ತಲೇಲಿ, ಬಾಲ್ ಎಲ್ಲಿ ಬೀಳುತ್ತೆ ಅಂತ ಮೊದ್ಲೇ ಗೊತ್ತಿರೋದ್ರಲ್ಲಿ ಇರೋದು. ಹುಮ್ಮೆಲ್ಸ್ 2016 ರಲ್ಲಿ ಡಾರ್ಟ್‌ಮಂಡ್ ಬಿಟ್ಟು ಬೇಯರ್ನ್‌ಗೆ ಹೋಗಿ, 2019 ರಲ್ಲಿ ವಾಪಸ್ ಬಂದು, 2024 ರಲ್ಲಿ 35 ನೇ ವಯಸ್ಸಲ್ಲಿ ಪ್ಯಾರಿಸಲ್ಲಿ ಸೆಮಿಫೈನಲ್ ಗೋಲ್ ಹೊಡ್ದು ಟೀಮನ್ನ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ತಗೊಂಡು ಹೋದ. ಅದೇ ಡಾರ್ಟ್‌ಮಂಡ್‌ಗೆ ಅದೇ ಬೇಯರ್ನಿಂದ 2016 ರಲ್ಲಿ ವಾಪಸ್ ಬಂದ ಗೋಟ್ಜೆಗೆ ಆರೋಗ್ಯನೇ ಕೈಕೊಡ್ತು, ಮುಂಚಿನ ಗೋಟ್ಜೆ ಮತ್ತೆ ಕಾಣ್ಲೇ ಇಲ್ಲ.

ನಮ್ಮ ಬೆಂಗಳೂರು ಎಫ್‌ಸಿ ವಿಷ್ಯಕ್ಕೇ ಬನ್ನಿ. ಹಾಸನದಿಂದ ಕಂಠೀರವಕ್ಕೆ ಮ್ಯಾಚ್ ನೋಡೋಕೆ ಹೋಗೋ ನಾಲ್ಕೈದು ಜನ ನಾವಿದ್ದೀವಿ, ಸಂಜೆ ಮ್ಯಾಚ್ ನೋಡ್ಕೊಂಡು ರಾತ್ರಿ ಬಸ್ ಹತ್ತಿ ಬೆಳಗಿನ ಜಾವ ಇಲ್ಲಿ ಇಳಿದು ನಿದ್ದೆಗಣ್ಣಲ್ಲೇ ಕೆಲ್ಸಕ್ಕೆ ಹೋಗೋ ಜಾತಿ. ಅವ್ರಲ್ಲೊಬ್ಬ ಪ್ರತಿ ಸೀಸನ್ ಶುರು ಆಗ್ವಾಗ ‘ಮಿಕುನ ವಾಪಸ್ ಕರ್ಸಿ’ ಅಂತ ಅಳ್ತಾನೆ. ಮಿಕು ಅಂದ್ರೆ ವೆನೆಜುವೆಲಾದ ಸ್ಟ್ರೈಕರ್, 2017-18 ರಲ್ಲಿ 15 ಗೋಲ್ ಹೊಡೆದಿದ್ದ, ಛೆಟ್ರಿ 14, ಇಬ್ರೂ ಸೇರಿದ್ರೆ ಎದುರಾಳಿ ಡಿಫೆಂಡರ್‌ಗಳು ಅತ್ತೇಬಿಡ್ತಿದ್ರು, ಅದನ್ನ ಕಣ್ಣಾರೆ ನೋಡಿದ ಯಾರಿಗಾದ್ರೂ ಆ ಆಸೆ ಬರುತ್ತೆ. ಆದ್ರೆ ಮಿಕು ಹುಟ್ಟಿದ್ದು 1985 ರಲ್ಲಿ, ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್) ವಿದೇಶಿಯರಿಗೆ ಇರೋ ಜಾಗ ಬೆರಳೆಣಿಕೆ, ಒಟ್ಟು ಸಂಬಳಕ್ಕೆ ಮಿತಿ ಬೇರೆ. ಆ ಜಾಗ ನೆನಪಿಗೆ ಕೊಟ್ರೆ ಗೋಲ್ ಯಾರು ಹೊಡೀತಾರೆ?

ಕ್ಲಬ್ಬು ವಾಪಸ್ ಕರ್ಸಿದ್ದು ರಾಹುಲ್ ಭೇಕೆನ. ನೆನಪಿದ್ಯಾ, 2019 ಮಾರ್ಚ್ 17, ಮುಂಬೈಲಿ ಫೈನಲ್, ಗೋವಾ ಮೇಲೆ 117 ನೇ ನಿಮಿಷದ ಕಾರ್ನರ್, ಭೇಕೆ ತಲೆ, ಕಪ್ಪು ನಮ್ದು. 2021 ರಲ್ಲಿ ಮುಂಬೈ ಸಿಟಿಗೆ ಹೋದ, ಅಲ್ಲಿ ಕ್ಯಾಪ್ಟನ್ ಆಗಿ 2024 ರಲ್ಲಿ ಕಪ್ ಎತ್ತಿದ, ಅದೇ ವರ್ಷ 33 ನೇ ವಯಸ್ಸಲ್ಲಿ ಬೆಂಗಳೂರಿಗೆ ವಾಪಸ್. ಗಮನಿಸಿ, ಸೋತು ಮುಖ ಸಪ್ಪೆ ಮಾಡ್ಕೊಂಡು ಬಂದಿದ್ದಲ್ಲ, ಆಡ್ತಾ ಆಡ್ತಾನೇ ಬಂದಿದ್ದು, ಡಿಫೆಂಡರ್ ಬೇರೆ, ಟೀಮಿನ ಹಿಂದಿನ ಸಾಲಿಗೆ ಅನುಭವ ಬೇಕಾಗಿತ್ತು. ಆ ಸೀಸನ್ ಬಿಎಫ್‌ಸಿ ಫೈನಲ್‌ವರೆಗೂ ಹೋಯ್ತು, ಮೋಹನ್ ಬಗಾನ್ ಮೇಲೆ ಎಕ್ಸ್‌ಟ್ರಾ ಟೈಮಲ್ಲಿ 2-1 ಸೋತ್ವಿ, ಅದರ ನೋವು ಬೇರೆ.

ಛೆಟ್ರಿದೂ ಹೇಳ್ದೆ ಇದ್ರೆ ಬೈತಾರೆ. ಕ್ಲಬ್ ಅಲ್ಲ, ದೇಶದ ಟೀಮು. 2024 ಜೂನ್ 6 ಕ್ಕೆ ಕೋಲ್ಕತ್ತಾದಲ್ಲಿ ಕುವೈತ್ ಮೇಲೆ ಕೊನೇ ಮ್ಯಾಚ್ ಆಡಿ ನಿವೃತ್ತಿ ಆದ್ರು, ನಾವೆಲ್ಲ ಸ್ಟೇಟಸ್ ಹಾಕಿ ಕಣ್ಣು ಒರೆಸ್ಕೊಂಡ್ವಿ, 2025 ಮಾರ್ಚಲ್ಲಿ ಮತ್ತೆ ಕರೆದ್ರು. ಕರೆದಿದ್ದು ಸುಮ್ನೆ ಅಲ್ಲ, ಆ ಸೀಸನ್ ಐಎಸ್‌ಎಲ್‌ನಲ್ಲಿ 40 ವರ್ಷದ ಛೆಟ್ರಿ ಅಷ್ಟೊತ್ತಿಗಾಗ್ಲೇ 12 ಗೋಲ್ ಹೊಡೆದಿದ್ರು, ಭಾರತದ ಬೇರೆ ಯಾವ ಆಟಗಾರನೂ ಅಷ್ಟು ಹೊಡೆದಿರ್ಲಿಲ್ಲ. ಶಿಲ್ಲಾಂಗಲ್ಲಿ ಮಾಲ್ಡೀವ್ಸ್ ಮೇಲೆ ಗೋಲೂ ಬಂತು, 3-0 ಗೆದ್ವಿ. ಆದ್ರೆ ಏಷ್ಯನ್ ಕಪ್‌ಗೆ ಭಾರತ ಕ್ವಾಲಿಫೈ ಆಗ್ಲಿಲ್ಲ, ಅವ್ರು ಮತ್ತೆ ನಿವೃತ್ತಿ ಹೇಳಿದ್ರು. ಕರೆದಿದ್ದು ತಪ್ಪಾ? ಅವ್ರ ಮಟ್ಟಿಗೆ ಅಲ್ಲ. 40 ವರ್ಷದೋರನ್ನ ಬಿಟ್ರೆ ಇನ್ನೊಬ್ಬ ಸಿಗ್ಲಿಲ್ಲ ಅನ್ನೋದು ತಪ್ಪು, ಅದು ಹತ್ತು ವರ್ಷದ ಹಿಂದೆ ಶುರು ಆಗಿದ್ದು.

ಕ್ರಿಕೆಟ್ ಬರ್ದೆ ಇದ್ರೆ ಹಾಸನದೋನು ಅನ್ಕೊಳ್ಳಲ್ಲ ಯಾರೂ. ನಮ್ಮ ಜಾವಗಲ್ ಹೆಸರನ್ನ ಪ್ರಪಂಚಕ್ಕೆಲ್ಲ ಹೇಳಿಸಿದ ಶ್ರೀನಾಥ್ 2002 ರಲ್ಲಿ ಟೆಸ್ಟ್ ಸಾಕು ಅಂದಿದ್ರು, ಗಂಗೂಲಿ ಒಪ್ಪಿಸಿ ಉಳಿಸ್ಕೊಂಡ್ರು, 2003 ರ ವರ್ಲ್ಡ್‌ಕಪ್ಪಲ್ಲಿ 16 ವಿಕೆಟು. ಫೈನಲಲ್ಲಿ 10 ಓವರಿಗೆ 87 ರನ್ ಹೋಯ್ತು, ಅದನ್ನ ನಮ್ಮಪ್ಪ ಈಗ್ಲೂ ನೆನೆಸ್ಕೊಂಡು ನೊಂದ್ಕೋತಾರೆ, ಅದು ಬಿಡಿ, ಫೈನಲ್‌ವರೆಗೆ ಹೋಗಿದ್ದೇ ಅಂಥೋರಿಂದ. ಆರ್‌ಸಿಬಿ ನೋಡಿ. 2025 ರ ಟೀಮ್ ಕಟ್ಟೋ ಹರಾಜಲ್ಲಿ ಇಡೀ ಕರ್ನಾಟಕ ಕೆ.ಎಲ್. ರಾಹುಲ್ ಬೇಕು ಅಂತ ಬಾಯಿ ಬಡ್ಕೊಳ್ತು, 14 ಕೋಟಿಗೆ ಡೆಲ್ಲಿಗೆ ಹೋದ, ಚಿನ್ನಸ್ವಾಮಿಗೇ ಬಂದು 93 ಹೊಡ್ದು ಬ್ಯಾಟಲ್ಲಿ ನೆಲದ ಮೇಲೆ ಗೆರೆ ಎಳೆದು ಇದು ನನ್ನ ಜಾಗ ಅಂತ ತೋರ್ಸಿದ, ಹೊಟ್ಟೆಗೆ ಬೆಂಕಿ ಬಿದ್ದಂಗಾಯ್ತು. ಆದ್ರೆ ಆರ್‌ಸಿಬಿ ತಂದಿದ್ದು 2 ಕೋಟಿಗೆ ಹಳೇ ಹುಡುಗ ಪಡಿಕ್ಕಲ್‌ನ, ಮೂರನೇ ನಂಬರಲ್ಲಿ ಬಂದು ಬೇಗ ಬೇಗ ಹೊಡಿ ಅಂತ ಒಂದೇ ಕೆಲ್ಸ ಕೊಟ್ಟು. ಅವನಿಗೆ ಗಾಯ ಆದಾಗ ಕರ್ಸಿದ್ದು ಇನ್ನೊಬ್ಬ ಹಳೇ ಹುಡುಗ ಮಯಾಂಕ್ ಅಗರ್ವಾಲ್‌ನ. ಜೂನ್ 3 ಕ್ಕೆ ಏನಾಯ್ತು ಅಂತ ನಾನು ಹೇಳ್ಬೇಕಾ? 6 ರನ್ನಿಂದ ಕಪ್ ನಮ್ದು.

ಊರಲ್ಲಿ ನಮ್ಮ ಚಿಕ್ಕಪ್ಪ ಆಲೂಗಡ್ಡೆ ಹಾಕ್ತಾರೆ. ಪ್ರತಿ ವರ್ಷ ಮೇ ತಿಂಗಳು ಬಂತು ಅಂದ್ರೆ ಹಾಸನದ ಎಪಿಎಂಸಿಗೆ ಜಲಂಧರ್ ಕಡೆಯಿಂದ ಬಿತ್ತನೆ ಗೆಡ್ಡೆ ಲಾರಿ ಬರುತ್ತೆ, ರೇಟು ಕೇಳಿ ಬೈಕೊಂಡು ಬೈಕೊಂಡೇ ತಗೋತಾರೆ. ಒಂದು ವರ್ಷ ಬೆಳೆ ಭರ್ಜರಿ ಬಂತು, ಗೆಡ್ಡೆ ಒಂದೊಂದು ಅಂಗೈ ತುಂಬ, ‘ಇಂಥ ಗೆಡ್ಡೆ ಮನೇಲಿಟ್ಕೊಂಡು ಪಂಜಾಬಿಗೆ ಯಾಕೆ ದುಡ್ಡು ಕೊಡ್ಲಿ’ ಅಂತ ಅದ್ರಲ್ಲೇ ಬಿತ್ತನೆಗೆ ಎತ್ತಿಟ್ರು. ಮುಂದಿನ ಮಳೆಗೆ ಗಿಡ ಮೇಲೆ ಬಂತು, ಎಲೆ ಮುದುರ್ಕೊಳ್ತು, ಅಂಗಮಾರಿ ಹೊಡೀತು, ಹೊಲದ ಆ ತುದಿಯಿಂದ ಈ ತುದಿವರೆಗೂ ಒಂದು ಥರ ಕೊಳೆತ ವಾಸನೆ. ಹಳೇ ಗೆಡ್ಡೇಲಿ ರೋಗ ಒಳಗೇ ಇರುತ್ತೆ ಕಣೋ, ಮೇಲೆ ಕಾಣಲ್ಲ, ಕೈಲಿ ಹಿಡ್ಕೊಂಡ್ರೆ ಹೋದ ವರ್ಷದ ಬೆಳೆನೇ ಕಣ್ಮುಂದೆ ಬರುತ್ತೆ ಅಂತಾರೆ ಈಗ. ಅವ್ರು ಫುಟ್ಬಾಲ್ ನೋಡಲ್ಲ.

ಇನ್ನು ನಮ್ಮ ಒಂಬತ್ತರ ವಿಷ್ಯ. ಅವ್ನು ಹೋದ್ಮೇಲೆ ಆ ಜಾಗಕ್ಕೆ ಬಂದಿರೋದು ಸೆಕೆಂಡ್ ಪಿಯುಸಿ ಓದ್ತಿರೋ ಒಬ್ಬ ಹುಡುಗ, ಎಡಗಾಲು, ತೆಳ್ಳಗೆ ಗಾಳಿಪಟದ ಕಡ್ಡಿ ಥರ ಇದಾನೆ, ಓಡಿದ್ರೆ ಹಿಡಿಯಕ್ಕಾಗಲ್ಲ, ಗೋಲ್ ಮುಂದೆ ಮಾತ್ರ ಹತ್ರಲ್ಲಿ ಏಳು ಆಕಾಶಕ್ಕೆ. 9 ನಂಬರ್ ಜರ್ಸಿ ಈಗ ಅವಂದು. ಗ್ರೂಪಲ್ಲಿ ಅಷ್ಟು ಜಗಳ ಆದ್ರೂ ಅವ್ನು ಒಂದು ಮೆಸೇಜೂ ಹಾಕಿಲ್ಲ, ಬ್ಲೂ ಟಿಕ್ ಮಾತ್ರ ಬಿದ್ದಿರ್ತಿತ್ತು. ಅದನ್ನ ನೋಡಿದ್ಮೇಲೆ ನಂಗೆ ‘ಯಾರ ನಿಮಿಷ ತಿಂತಾನೆ’ ಅನ್ನೋದು ಬರೀ ಲೆಕ್ಕ ಅಂತ ಅನ್ನಿಸ್ಲಿಲ್ಲ.

ಹೋದ ಭಾನುವಾರ ಬೆಳಿಗ್ಗೆ ಆರೂವರೆಗೆ ಜಿಲ್ಲಾ ಕ್ರೀಡಾಂಗಣದಲ್ಲಿ ಪ್ರಾಕ್ಟೀಸಿಗೆ ಒಂಬತ್ತು ಬಂದ. ಎರಡೂ ಮಂಡಿಗೆ ನೀ ಕ್ಯಾಪ್, ಹೊಸ ಸ್ಟಡ್ಸು, ಬೆಲೆ ಚೀಟಿಯ ಅಂಟು ಇನ್ನೂ ಹಿಮ್ಮಡಿ ಹತ್ರ ಇತ್ತು. ಹತ್ತು ನಿಮಿಷ ಓಡಿದ, ಗೋಲ್ ಪೋಸ್ಟ್ ಹಿಡ್ಕೊಂಡು ನಿಂತ, ಉಸಿರು ನಮಗೆಲ್ಲ ಕೇಳಿಸ್ತಿತ್ತು. ಆಮೇಲೆ ಓಡೋದು ಬಿಟ್ಟು ಮಧ್ಯದಲ್ಲಿ ನಿಂತ್ಕೊಂಡ, ಬೆನ್ನು ಗೋಲ್ ಕಡೆಗೆ, ಬಂದ ಬಾಲನ್ನೆಲ್ಲ ಒಂದೇ ಟಚ್ಚಲ್ಲಿ ಎಡಗಡೆ ಖಾಲಿ ಜಾಗಕ್ಕೆ ಬಿಡ್ತಿದ್ದ, ಹುಡುಗ ಅಲ್ಲಿಗೆ ಓಡ್ತಿದ್ದ. ಮೂರು ಸಲ ಆಕಾಶಕ್ಕೆ ಹೊಡ್ದ. ಒಂಬತ್ತು ಬೈಲಿಲ್ಲ, ಹತ್ರ ಹೋಗಿ ಅವನ ಎಡ ಹೆಗಲು ಹಿಡಿದು ಸ್ವಲ್ಪ ಮುಂದಕ್ಕೆ ಬಗ್ಗಿಸಿ, ‘ಮೇಲಿಂದ ಬಗ್ಗು, ಹಿಂದಕ್ಕೆ ವಾಲ್ಬೇಡ’ ಅಂದ. ನಾಲ್ಕನೇದು ನೆಟ್ಟಿಗೆ ಹೋಯ್ತು, ನೆಟ್ಟು ತೂತು ಇದ್ದಿದ್ರಿಂದ ಹಿಂದೆ ನಿಲ್ಸಿದ್ದ ಸ್ಕೂಟಿಗೆ ಬಡೀತು, ಅದು ಬೇರೆ ರಾಮಾಯಣ.

ಹತ್ತನೇ ಹೆಸರಾಗಿ ಬರ್ಕೊಂಡ್ವಿ. ಸೆಕೆಂಡ್ ಹಾಫಲ್ಲಿ ಹತ್ತು ನಿಮಿಷ, ಈ ಟೂರ್ನಮೆಂಟ್ ಒಂದಕ್ಕೆ, ಆಮೇಲೆ ನೋಡೋಣ. ಜರ್ಸಿ ವಿಷ್ಯ ಬಂದಾಗ ಎಲ್ಲರೂ ಸುಮ್ನಾದ್ರು, ಹುಡುಗ ನೆಲ ನೋಡ್ತಿದ್ದ. ಒಂಬತ್ತೇ ಹೇಳ್ದ, ‘ಅದು ಅವನ ಹತ್ರಾನೇ ಇರ್ಲಿ, ನಂಗೆ ಯಾವ್ದಾದ್ರೂ ಕೊಡ್ರೋ.’ ಉಳಿದಿದ್ದು ಗೋಲ್‌ಕೀಪರಿಗೆ ಅಂತ ಮಾಡ್ಸಿ ಅವನಿಗೆ ಆಗ್ದೆ ಬಿಟ್ಟಿದ್ದ ಒಂದು ಹಸಿರು ಬನಿಯನ್ ಥರದ್ದು, ಹಾಕ್ಕೊಂಡ್ರೆ ಹೊಕ್ಕಳು ಕಾಣುತ್ತೆ. ಅದನ್ನೇ ಎಳ್ಕೊಂಡು ಎಳ್ಕೊಂಡು ಹಾಕ್ಕೊಂಡು ನನ್ನ ಹತ್ರ ಬಂದ, ಎಂಟ್ರಿ ಫೀಸು ಮೂರು ಸಾವಿರ, ತಲೆಗೆ ಮುನ್ನೂರು, ‘ಬರ್ಕೊಂಡ್ಯೇನೋ ನಂದು’ ಅಂತ ದುಡ್ಡು ಕೊಟ್ಟ. ಬರ್ಕೊಂಡೆ. ಆಮೇಲೆ ಹಳೇ ಪುಸ್ತಕದ ಪುಟ ತಿರುವಿ ತೋರ್ಸ್ದೆ, ಬೆಂಗಳೂರಿಗೆ ಹೋಗೋ ವಾರ ತಂದ ಬಾಲಿನ ಪಾಲು, 150 ರೂಪಾಯಿ, ಬಾಕಿ. ‘ಲೋ, ಇದನ್ನೂ ಇಟ್ಕೊಂಡಿದ್ಯಾ’ ಅಂತ ನಕ್ಕ, ಜೇಬು ತಡಕಿದ, ಚೇಂಜ್ ಇಲ್ಲ ಮುಂದಿನ ವಾರ ಕೊಡ್ತೀನಿ ಅಂದ.